ವೈದ್ಯರ ಪಟ್ಟಿ ಯಾರಿಗಾಗಿ?



ಸಾಲಗುಂದವನ್ನೊಳಗೊಂಡ ಸಿಂಧನೂರು ಸೀಮೆಯ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ; ಆಚೆಯ ದಡ ಸಿರುಗುಪ್ಪದ್ದು. ಎರಡು ದಡಗಳ ಮಾತೂ ಕನ್ನಡವೇ, ಎರಡು ದಡಗಳ ಚಳಿಜ್ವರವೂ ಒಂದೇ. ಆದರೆ ವೈದ್ಯನನ್ನು ಆಳುವ ಕಾನೂನು ಬಹುಕಾಲ ನಡುಹೊಳೆಯಲ್ಲಿಯೇ ತುಂಡಾಗಿದ್ದಿತು. ಆಚೆ ಮದರಾಸಿನ ೧೯೧೪ರ ವೈದ್ಯ ನೋಂದಣಿ ಶಾಸನ ನಡೆಯುತ್ತಿದ್ದಿತು. ಈಚೆ ನಿಜಾಮರ ಆಡಳಿತವಿದ್ದುದರಿಂದ ಅದು ಸಲ್ಲುತ್ತಿರಲಿಲ್ಲ. ಪಶ್ಚಿಮದ ವಿಜಾಪುರ ಜಿಲ್ಲೆಯಲ್ಲಿ ಮುಂಬಯಿಯ ೧೯೧೨ರ ಶಾಸನ. ಮೈಸೂರು ಸಂಸ್ಥಾನದಲ್ಲಿ ೧೯೩೧ರದು. ಕನ್ನಡ ನಾಡಿನ ರೋಗಿಯ ಸಂಕಟ ಒಂದೇ ಆಗಿದ್ದರೂ ವೈದ್ಯರ ಪಟ್ಟಿಗಳು ಹಲವಾಗಿದ್ದುವು.

ವೈದ್ಯನಿಗೆ ಅಪ್ಪಣೆ ಬೇಕೆಂಬ ವಿಚಾರವು ಪರದೇಶದಿಂದ ಬಂದುದೆಂದು ತಿಳಿಯಬಾರದು. ಶಾಸ್ತ್ರವನ್ನು ಓದಿ, ಕರ್ಮವನ್ನು ಕಣ್ಣಾರೆ ಕಂಡು, ಕೈಯಾರೆ ಮಾಡಿ, ರಾಜನ ಅನುಜ್ಞೆಯನ್ನು ಪಡೆದ ಮೇಲೆಯೇ ವೈದ್ಯನು ಚಿಕಿತ್ಸೆಗೆ ತೊಡಗಬೇಕೆಂದು ಸುಶ್ರುತ ಸಂಹಿತೆಯು ವಿಧಿಸುತ್ತದೆ. ಕುವೈದ್ಯನು ಜನರನ್ನು ಕೊಲ್ಲುವುದು ರಾಜನ ದೋಷದಿಂದ ಎಂದೂ ಅದು ಹೇಳುತ್ತದೆ. ಪ್ರಾಣಾಪಾಯವುಳ್ಳ ರೋಗವನ್ನು ಮೊದಲೇ ತಿಳಿಸದೆ ಚಿಕಿತ್ಸೆ ಮಾಡಿ, ರೋಗಿಯು ಮಡಿದರೆ, ವೈದ್ಯನಿಗೆ ಕೌಟಿಲ್ಯನ ಅರ್ಥಶಾಸ್ತ್ರವು ದಂಡ ವಿಧಿಸುತ್ತದೆ. ವೈದ್ಯನು ತಪ್ಪಿದರೆ ಅರಸನೂ ಉತ್ತರ ಹೇಳಬೇಕೆಂಬುದು ನಮ್ಮ ಹಿರಿಯರ ಮತವಾಗಿದ್ದಿತು.

ಇಂದಿನ ಪದ್ಧತಿಗೆ ಮಾದರಿಯಾದುದು ೧೮೫೮ರ ಬ್ರಿಟಿಷ್ ಶಾಸನ. ಅರ್ಹತೆಯುಳ್ಳ ವೈದ್ಯನಾರು, ಇಲ್ಲದವನಾರು ಎಂಬುದನ್ನು ರೋಗಿಯು ಗುರುತಿಸಲು ಅನುಕೂಲವಾಗಬೇಕೆಂಬುದೇ ಅದರ ಪೀಠಿಕೆಯ ಆಶಯ. ಇದನ್ನು ಮರೆಯಬಾರದು: ಪಟ್ಟಿಯು ಹುಟ್ಟಿದುದು ವೈದ್ಯನ ಗೌರವಕ್ಕಾಗಿ ಮಾತ್ರವಲ್ಲ, ರೋಗಿಯ ರಕ್ಷಣೆಗಾಗಿ.

ನಮ್ಮಲ್ಲಿ ಆಮೇಲೆ ಅಧಿಕಾರವು ಕೈಯಿಂದ ಕೈಗೆ ಹೋಯಿತು. ೧೯೩೩ರಲ್ಲಿ ಭಾರತೀಯ ವೈದ್ಯ ಪರಿಷತ್ತಿನ ಶಾಸನವಾಯಿತು. ೧೯೫೬ರಲ್ಲಿ ಅದರ ಸ್ಥಾನಕ್ಕೆ ಹೊಸದು ಬಂದಿತು. ಬಳ್ಳಾರಿಯು ೧೯೫೩ರಲ್ಲಿಯೂ ರಾಯಚೂರು ೧೯೫೬ರಲ್ಲಿಯೂ ಮೈಸೂರು ರಾಜ್ಯವನ್ನು ಸೇರಿದುವು. ೧೯೬೧ರ ನೋಂದಣಿ ಶಾಸನದಿಂದ ಹೊಳೆಯ ಎರಡು ದಡಗಳಿಗೂ ಒಂದೇ ಪಟ್ಟಿಯಾಯಿತು. ಕೇಂದ್ರದ ಪರಿಷತ್ತಿನಲ್ಲಿ ವೈದ್ಯರೇ ಆರಿಸಿದ ವೈದ್ಯರಿಗೆ ಹಿರಿದಾದ ಸ್ಥಾನವಿದ್ದಿತು. ಆದರೆ ೨೦೧೦ರಲ್ಲಿ ಅದರ ಅಧ್ಯಕ್ಷರ ಮೇಲೆ ಲಂಚದ ಆಪಾದನೆ ಬಂದು, ಸರಕಾರವು ಪರಿಷತ್ತನ್ನು ಬದಿಗಿರಿಸಿತು. ೨೦೧೯ರ ಶಾಸನದ ಮೇರೆಗೆ ರಾಷ್ಟ್ರೀಯ ವೈದ್ಯ ಆಯೋಗವು ೨೦೨೦ರ ಸೆಪ್ಟೆಂಬರಿನಲ್ಲಿ ಅದರ ಸ್ಥಾನವನ್ನು ಪಡೆಯಿತು. ಚುನಾಯಿತರಿದ್ದೆಡೆ ಬಹುಮಟ್ಟಿಗೆ ನಿಯಮಿತರು ಬಂದರು.

ಅರಸ, ವೈದ್ಯವರ್ಗ, ಸರಕಾರ, ಮೂವರೂ ಆ ಪೀಠದಲ್ಲಿ ಕುಳಿತುದಾಯಿತು. ರೋಗಿಗೆ ಅಲ್ಲಿ ದೊರೆತ ಸ್ಥಳವೆಷ್ಟು? ವೈದ್ಯನ ದುರ್ನಡತೆಯ ದೂರನ್ನು ವಿಚಾರಿಸುವುದು ರಾಜ್ಯದ ಪರಿಷತ್ತು. ಅದರ ತೀರ್ಪಿನಿಂದ ನೊಂದ ವೈದ್ಯನು ಮೇಲ್ಮನವಿ ಮಾಡಬಹುದೆಂದು ಹೊಸ ಶಾಸನದ ೩೦ನೆಯ ಪ್ರಕರಣವು ಹೇಳುತ್ತದೆ. ನೊಂದ ರೋಗಿಯ ಹೆಸರು ಆ ಮಾತಿನಲ್ಲಿಲ್ಲ. ಪರಿಷತ್ತಿರುವುದೋ ಬೆಂಗಳೂರಿನಲ್ಲಿ, ಸಿಂಧನೂರಿಗೆ ಸುಮಾರು ೪೦೦ ಕಿಲೋಮೀಟರ್ ದೂರ. ಖಾಸಗಿ ಆಸ್ಪತ್ರೆಗಳ ಮೇಲಿನ ದೂರಿಗಾದರೆ, ೨೦೦೭ರ ಕರ್ನಾಟಕ ಶಾಸನಕ್ಕೆ ೨೦೧೭ರಲ್ಲಿ ಆದ ತಿದ್ದುಪಡಿಯಂತೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರವು ಜಿಲ್ಲೆಯಲ್ಲಿಯೇ ಉಂಟು. ವೈದ್ಯನ ನಡತೆಯ ವಿಚಾರಣೆಗೂ ಅಂತಹ ಸಾಮೀಪ್ಯವೇಕೆ ಇರಬಾರದು?

ವೈದ್ಯವಿದ್ಯೆಯನ್ನು ಬಲ್ಲವರೇ ವೈದ್ಯನ ಕೆಲಸವನ್ನು ತೂಗಬೇಕೆಂಬ ವಾದವು ನ್ಯಾಯವಾದುದೇ. ಆದರೆ ತೂಗುವವರು ಅವರಾದರೂ ತಕ್ಕಡಿಯು ಎಲ್ಲರ ಕಣ್ಣಿಗೂ ಕಾಣುವಂತಿರಬೇಕು. ಪರಿಷತ್ತು ಕಾಲಕಾಲಕ್ಕೆ ಜಿಲ್ಲೆಗಳಲ್ಲಿ ಕುಳಿತು ವಿಚಾರಿಸಲಿ. ವಿಚಾರಕರ ನಡುವೆ ವೈದ್ಯರಲ್ಲದ ವಿವೇಕಿಗಳೂ ಇರಲಿ. ಮೇಲ್ಮನವಿಯ ಬಾಗಿಲು ಇಬ್ಬರಿಗೂ ಸಮನಾಗಿ ತೆರೆದಿರಲಿ. ಹೊಳೆಯ ಎರಡು ದಡಗಳಿಗೆ ಒಂದೇ ಕಾನೂನಾದುದು ದೊಡ್ಡ ಕಾರ್ಯ. ವೈದ್ಯನಿಗೂ ರೋಗಿಗೂ ಒಂದೇ ನ್ಯಾಯವಾಗುವುದು ಇನ್ನೂ ಉಳಿದಿದೆ.