ಹುಲಿಯ ಹೆಸರಿನ ಹಣ: ಕೊಡುವವರು ಯಾರು, ಎಣಿಸುವವರು ಯಾರು?

ಪುಣೆಯಿಂದ ಬೆಳಗಾವಿ ಕಡೆ ಊರಿಗೆ ಹೊರಟರೆ ಸಾತಾರಾ, ಕರಾಡ ದಾಟುವಾಗ ಪಶ್ಚಿಮಕ್ಕೆ ಸಹ್ಯಾದ್ರಿಯ ಸಾಲು ಜೊತೆಗೇ ಬರುತ್ತದೆ. ಕೊಯ್ನಾ ಅಭಯಾರಣ್ಯ ಮತ್ತು ಚಾಂದೋಲಿ ರಾಷ್ಟ್ರೀಯ ಉದ್ಯಾನಗಳನ್ನು ಸೇರಿಸಿ 2010ರಲ್ಲಿ ಘೋಷಿಸಿದ ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶ ಇರುವುದು ಅಲ್ಲೇ. ಅದೇ ಬೆಟ್ಟಸಾಲು ದಕ್ಷಿಣಕ್ಕೆ ನಮ್ಮ ದಾಂಡೇಲಿಯ ಕಾಳಿ ಹುಲಿ ಸಂರಕ್ಷಿತ ಪ್ರದೇಶದವರೆಗೂ ಸಾಗುತ್ತದೆ. ಎರಡಕ್ಕೂ ಕೇಂದ್ರ ಸರ್ಕಾರದ ಅನುದಾನ ಬರುತ್ತದೆ. ಅದು ನಾವು ಕಟ್ಟುವ ತೆರಿಗೆಯ ಹಣ. ಅದನ್ನು ಯಾರು ಮಂಜೂರು ಮಾಡುತ್ತಾರೆ, ಸರಿಯಾಗಿ ಖರ್ಚಾಯಿತೇ ಎಂದು ಯಾರು ನೋಡುತ್ತಾರೆ? ಇದಕ್ಕೆ ಉತ್ತರ ಐವತ್ತು ವರ್ಷಗಳ ಇತಿಹಾಸದಲ್ಲಿದೆ.

1972ರ ಗಣತಿಯಲ್ಲಿ ದೇಶದಲ್ಲಿ ಸಿಕ್ಕ ಹುಲಿಗಳು ಸುಮಾರು 1,827 ಮಾತ್ರ. ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಮರುವರ್ಷ, 1973ರ ಏಪ್ರಿಲ್ 1ರಂದು, ‘ಪ್ರಾಜೆಕ್ಟ್ ಟೈಗರ್’ ಶುರುವಾಯಿತು. ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಇತ್ತು, ಮಹಾರಾಷ್ಟ್ರದ ಮೇಲ್ಘಾಟ್ ಕೂಡ ಇತ್ತು. ಆಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು. ಕರ್ನಾಟಕ ಎಂಬ ಹೆಸರು ಬಂದದ್ದು ಅದೇ ವರ್ಷದ ನವೆಂಬರ್ 1ರಂದು. ಮೈಸೂರು ಅರಸರು ಬೇಟೆಯಾಡುತ್ತಿದ್ದ ಬಂಡೀಪುರದ ಕಾಡಿಗೆ ಈಗ ಹುಲಿ ಉಳಿಸಲೆಂದೇ ದಿಲ್ಲಿಯಿಂದ ಹಣ ಬರತೊಡಗಿತು.

ಆ ಹಣದಿಂದ ರಸ್ತೆ, ವೈರ್‌ಲೆಸ್, ಜೀಪು, ಕಾವಲುಗಾರರ ಮನೆಗಳು ಆದವು. ಹಲವೆಡೆ ಜಿಂಕೆಗಳು ಹೆಚ್ಚಿದವು, ಹುಲಿಗಳೂ ಹೆಚ್ಚಿದವು. ಆದರೆ ವ್ಯವಸ್ಥೆಯಲ್ಲಿ ಒಂದು ಕೊರತೆ ಉಳಿದೇ ಇತ್ತು. ಹಣ ಖರ್ಚು ಮಾಡುವ ಅರಣ್ಯ ಇಲಾಖೆಯೇ ಹೆಜ್ಜೆ ಗುರುತು ನೋಡಿ ಹುಲಿಗಳನ್ನೂ ಎಣಿಸುತ್ತಿತ್ತು. ಪರೀಕ್ಷೆ ಬರೆದವರೇ ಅಂಕ ಹಾಕಿಕೊಂಡ ಹಾಗೆ. ಖರ್ಚಿನ ಲೆಕ್ಕ ಕಾಗದದಲ್ಲಿ ಸರಿಯಾಗಿರಬಹುದು, ಕಾಡಿನಲ್ಲಿ ಫಲ ಸಿಕ್ಕಿತೇ ಎಂದು ಹೊರಗಿನವರು ಯಾರೂ ನೋಡುತ್ತಿರಲಿಲ್ಲ.

ಅದರ ಬೆಲೆ ತೆತ್ತದ್ದು ರಾಜಸ್ಥಾನದ ಸಾರಿಸ್ಕಾ. ವರ್ಷಗಟ್ಟಲೆ ಅನುದಾನ ಪಡೆದ ಈ ಕಾಡಿನಲ್ಲಿ ಒಂದು ಹುಲಿಯೂ ಉಳಿದಿಲ್ಲ ಎಂಬುದು 2005ರಲ್ಲಿ ಬಯಲಾಯಿತು. ಕಳ್ಳಬೇಟೆಗೆ ಎಲ್ಲವೂ ಬಲಿಯಾಗಿದ್ದವು. ದೇಶವೇ ತಲೆತಗ್ಗಿಸಿತು. ಪ್ರಧಾನಿ ಮನಮೋಹನ್ ಸಿಂಗ್ ಅವರ ಸರ್ಕಾರ ಸುನೀತಾ ನಾರಾಯಣ್ ಅವರ ಅಧ್ಯಕ್ಷತೆಯಲ್ಲಿ ಹುಲಿ ಕಾರ್ಯಪಡೆ ರಚಿಸಿತು. ಮರುವರ್ಷ ಕಾಯ್ದೆಗೆ ತಿದ್ದುಪಡಿಯಾಗಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಹುಟ್ಟಿತು. ಎಣಿಕೆಯ ಕ್ರಮವೂ ಬದಲಾಯಿತು. ಡೆಹ್ರಾಡೂನ್‌ನ ಭಾರತೀಯ ವನ್ಯಜೀವಿ ಸಂಸ್ಥೆ ಕ್ಯಾಮೆರಾ ಟ್ರ್ಯಾಪ್ ಮತ್ತು ಅಂಕಿಅಂಶ ಶಾಸ್ತ್ರದ ನೆರವು ಪಡೆಯಿತು. ಹೆಜ್ಜೆ ಗುರುತಿನ ಲೆಕ್ಕದಲ್ಲಿ 3,642 ಇದ್ದ ಹುಲಿಗಳು ಹೊಸ ಲೆಕ್ಕದಲ್ಲಿ 1,411ಕ್ಕೆ ಇಳಿದವು. ಕಹಿಯಾದರೂ ಆ ಸಂಖ್ಯೆಯನ್ನು ನಂಬಬಹುದಾಗಿತ್ತು.

ಈಗ ಅನುದಾನ ಹೀಗೆ ಬರುತ್ತದೆ. ಪ್ರತಿ ಹುಲಿ ಕಾಡಿಗೂ ಕಾನೂನಿನ ಪ್ರಕಾರ ಒಂದು ದೀರ್ಘಾವಧಿ ಸಂರಕ್ಷಣಾ ಯೋಜನೆ ಇರಬೇಕು. ಅದಕ್ಕೆ ಹೊಂದುವಂತೆ ಅಲ್ಲಿನ ಕ್ಷೇತ್ರ ನಿರ್ದೇಶಕರು ಆ ವರ್ಷದ ಕಾರ್ಯಯೋಜನೆ ತಯಾರಿಸುತ್ತಾರೆ. ಎಷ್ಟು ಕಾವಲುಗಾರರು, ಎಷ್ಟು ಕಳ್ಳಬೇಟೆ ತಡೆ ಶಿಬಿರ, ಎಷ್ಟು ಬೆಂಕಿರೇಖೆ, ಎಲ್ಲವೂ ಅದರಲ್ಲಿರಬೇಕು. ರಾಜ್ಯದ ಮೂಲಕ ಅದು ಪ್ರಾಧಿಕಾರಕ್ಕೆ ಹೋಗುತ್ತದೆ, ಅಲ್ಲಿ ಪರಿಶೀಲನೆಯಾಗಿ ಮಂಜೂರಾಗುತ್ತದೆ. ಕರ್ನಾಟಕ, ಮಹಾರಾಷ್ಟ್ರದಂಥ ರಾಜ್ಯಗಳಲ್ಲಿ ಒಮ್ಮೆ ಮಾಡುವ ಖರ್ಚಿಗೆ ಕೇಂದ್ರದ ಪಾಲು ಶೇ. 60, ಪ್ರತಿವರ್ಷ ಬರುವ ಖರ್ಚಿಗೆ ಶೇ. 50. ಹಣ ಕಂತುಗಳಲ್ಲಿ ಬರುತ್ತದೆ. ಹಿಂದಿನ ಹಣ ಬಳಸಿದ್ದಕ್ಕೆ ಪ್ರಮಾಣಪತ್ರ ಕೊಡದಿದ್ದರೆ ಮುಂದಿನ ಕಂತು ನಿಲ್ಲುತ್ತದೆ. ಐಟಿಯಲ್ಲಿರುವ ನಮಗೆ ಇದು ಹೊಸದಲ್ಲ, ಒಂದು ಹಂತ ಮುಗಿಸಿ ತೋರಿಸಿದರೆ ಮುಂದಿನ ಬಿಲ್ಲು.

ಇದರ ಮೇಲೆ ಸಿಎಜಿ ಲೆಕ್ಕಪರಿಶೋಧನೆ ಇದೆ. ನಾಲ್ಕು ವರ್ಷಕ್ಕೊಮ್ಮೆ ಹೊರಗಿನ ತಜ್ಞರು ಪ್ರತಿ ಕಾಡಿನ ನಿರ್ವಹಣೆಗೆ ಅಂಕ ಕೊಡುತ್ತಾರೆ. ಹುಲಿಗಣತಿಯೂ ನಾಲ್ಕು ವರ್ಷಕ್ಕೊಮ್ಮೆ. 2022ರ ಗಣತಿಯಂತೆ ಕರ್ನಾಟಕದಲ್ಲಿ 563 ಹುಲಿಗಳಿವೆ, ಮಧ್ಯಪ್ರದೇಶ ಬಿಟ್ಟರೆ ನಾವೇ ಮುಂದೆ.

ಹಾಗೆಂದು ಎಲ್ಲವೂ ಸರಿಹೋಗಿದೆ ಎನ್ನುವಂತಿಲ್ಲ. ಕೇಂದ್ರದ ಹಣ ಕಾಡಿಗೆ ತಲುಪಲು ರಾಜ್ಯಗಳಲ್ಲಿ ತಡವಾಗುತ್ತಿರುವುದನ್ನು ಸಿಎಜಿ 2006ರ ವರದಿಯಲ್ಲೇ ಎತ್ತಿ ತೋರಿಸಿತ್ತು. ಕಡತ ಒಂದು ಮೇಜಿನಲ್ಲಿ ಎರಡು ತಿಂಗಳು ಕುಳಿತರೆ ತೊಂದರೆಯಾಗುವುದು ಕಾಡಿನ ಶಿಬಿರದಲ್ಲಿ ರಾತ್ರಿ ಕಾಯುವ ಹಂಗಾಮಿ ವಾಚರ್‌ನ ಕೂಲಿಗೆ, ಅವನ ಸಂಬಳ ನಂಬಿದ ಮನೆಯಾಕೆಗೆ. ಲೆಕ್ಕ ಕೇಳುವುದು ಎಷ್ಟು ಮುಖ್ಯವೋ ಹಣ ಹೊತ್ತಿಗೆ ಸರಿಯಾಗಿ ತಲುಪುವುದೂ ಅಷ್ಟೇ ಮುಖ್ಯ. ಉಸ್ತುವಾರಿ ಎಂದರೆ ಎರಡೂ ಹೌದು.

ಸಖಿಯರೇ, ಮನೆಯ ಖರ್ಚಾಗಲಿ, ಸಂಘದ ವಂತಿಗೆಯಾಗಲಿ, ಪೈಸೆ ಪೈಸೆಗೆ ಲೆಕ್ಕ ಇಡುವುದು ನಮಗೆ ರೂಢಿ. ಆ ಅಭ್ಯಾಸವನ್ನು ಸ್ವಲ್ಪ ದೂರಕ್ಕೂ ಒಯ್ಯೋಣ. ಕಾಡುಗಳ ಮೌಲ್ಯಮಾಪನ ವರದಿಗಳು ಪ್ರಾಧಿಕಾರದ ಜಾಲತಾಣದಲ್ಲಿ ಸಿಗುತ್ತವೆ. ಸಿಗದ ಮಾಹಿತಿಗೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ಕೇಂದ್ರದ ಕಚೇರಿಗಳಿಗೆ ಅರ್ಜಿ ಶುಲ್ಕ 10 ರೂಪಾಯಿ. ಮುಂದಿನ ಬಾರಿ ಮಕ್ಕಳನ್ನು ಚಾಂದೋಲಿಗೋ ದಾಂಡೇಲಿಗೋ ಕರೆದೊಯ್ಯುವ ಮುನ್ನ ಆ ಕಾಡಿಗೆ ಎಷ್ಟು ಅಂಕ ಬಂದಿದೆ ಎಂದು ಅವರ ಜೊತೆ ಕೂತು ಓದಿ. ಸಾರಿಸ್ಕಾದಲ್ಲಿ ಹೊತ್ತಿಗೆ ಸರಿಯಾಗಿ ಕೇಳದೆ ಉಳಿದ ಪ್ರಶ್ನೆಗಳನ್ನು ನಮ್ಮ ಮಕ್ಕಳಾದರೂ ಕೇಳುವಂತಾಗಲಿ.