ಬೆಳಗಿನ ರೇಡಿಯೋದ ನಗು ಎಲ್ಲಿಂದ ಬಂತು?

ಬೆಂಗಳೂರಿನಲ್ಲಿ ಬೆಳಗ್ಗೆ ಎಂಟೂವರೆ ಹೊತ್ತಿಗೆ ಆಟೊದಲ್ಲೋ ಕಾರಿನಲ್ಲೋ ಕೂತು ಯಾವ ಖಾಸಗಿ ಎಫ್‌ಎಂ ವಾಹಿನಿ ಹಾಕಿದರೂ ಕೇಳಿಸುವುದು ಹೆಚ್ಚುಕಡಿಮೆ ಒಂದೇ ಬಗೆಯ ಮಾತು. ಇಬ್ಬರು ಆರ್‌ಜೆಗಳು ಒಬ್ಬರ ಕಾಲನ್ನು ಇನ್ನೊಬ್ಬರು ಎಳೆಯುತ್ತಿರುತ್ತಾರೆ. ಒಬ್ಬರು ಬೆಳಗಿನ ಚೌಚೌಬಾತಿನ ಗುಣಗಾನ ಮಾಡಿದರೆ ಇನ್ನೊಬ್ಬರು ಅದಕ್ಕೊಂದು ಕೊಂಕು ಸೇರಿಸುತ್ತಾರೆ. ನಡುವೆ ಯಾವ ಸಿನಿಮಾದ ಹಾಡು ಬಿಡುಗಡೆಯಾಯಿತು, ಯಾವ ಗಾಯಕ ಊರಿಗೆ ಬರುತ್ತಿದ್ದಾನೆ ಎಂಬ ಸಮಾಚಾರ. ಅಷ್ಟರಲ್ಲಿ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡ ಯಾರೋ ಫೋನ್ ಮಾಡುತ್ತಾರೆ. ಟ್ರಾಫಿಕ್ಕಿನ ಮೇಲೆ ಒಂದು ಜೋಕು, ಆಮೇಲೆ ಒಂದು ಹಾಡು.

ಇಷ್ಟೆಲ್ಲ ಮಾತಿನಲ್ಲಿ ಒಂದು ಮಾತ್ರ ಇರುವುದಿಲ್ಲ, ಸುದ್ದಿ. ನಿನ್ನೆ ವಿಧಾನಸಭೆಯಲ್ಲಿ ಏನಾಯಿತು, ಆ ರಸ್ತೆಯ ಗುತ್ತಿಗೆ ಯಾರಿಗೆ ಹೋಯಿತು ಎಂಬುದನ್ನು ಆ ಆರ್‌ಜೆಗಳು ಹೇಳುವುದಿಲ್ಲ. ಅವರಿಗೆ ಆಸಕ್ತಿ ಇಲ್ಲವೆಂದಲ್ಲ, ಹೇಳುವಂತಿಲ್ಲ. ನಮ್ಮ ಬೆಳಗಿನ ರೇಡಿಯೋ ಇಷ್ಟು ನಗುವುದಕ್ಕೂ ಅದು ಸುದ್ದಿ ಹೇಳಲಾಗದೆ ಇರುವುದಕ್ಕೂ ನಂಟಿದೆ ಎಂಬುದು ನನ್ನ ವಾದ. ಆ ನಂಟನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ, ಮೈಸೂರಿಗೆ, ಹೋಗಬೇಕು.

ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಒಂದು ಪುಟ್ಟ ಬಾನುಲಿ ಕೇಂದ್ರ ಆರಂಭಿಸಿದರು. ಪ್ರಸಾರ ಯಂತ್ರದ ಶಕ್ತಿ 30 ವ್ಯಾಟ್, ಒಂದು ಸಣ್ಣ ದೀಪದಷ್ಟು. ಆ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರು ಬಂದುದರ ಜೊತೆ ನಾ. ಕಸ್ತೂರಿಯವರ ಹೆಸರು ಸೇರಿಕೊಂಡಿದೆ. ಮುಂದೆ ಇಡೀ ದೇಶದ ರೇಡಿಯೋ ಅದೇ ಹೆಸರನ್ನು ತೆಗೆದುಕೊಂಡಿತು. ಕಸ್ತೂರಿ ಯಾರು? ಕೇರಳದಿಂದ ಬಂದು ಇತಿಹಾಸ ಕಲಿಸುತ್ತ ಕನ್ನಡದ ಹಾಸ್ಯಲೇಖಕರಾದವರು. ರಾಶಿಯವರು 1942ರಲ್ಲಿ ಆರಂಭಿಸಿದ ‘ಕೊರವಂಜಿ’ ಬಳಗದವರು. ಪದಗಳಿಗೆ ತಲೆಕೆಳಗಾದ ಅರ್ಥ ಕೊಟ್ಟು ‘ಅನರ್ಥಕೋಶ’ ಬರೆದವರು. ಕನ್ನಡ ರೇಡಿಯೋದ ತೊಟ್ಟಿಲು ತೂಗಿದವರಲ್ಲಿ ಒಬ್ಬ ನಗೆಗಾರನೂ ಇದ್ದ ಎಂಬುದನ್ನು ನಾವು ಆಗಾಗ ಮರೆಯುತ್ತೇವೆ.

ಆದರೆ ಆಕಾಶವಾಣಿ ಸರ್ಕಾರದ ಸಂಸ್ಥೆಯಾಗಿ ಬೆಳೆದಂತೆ ಅದರ ಬೆಳಗು ಗಂಭೀರವಾಯಿತು. ಭಕ್ತಿಗೀತೆ, ಚಿಂತನ, 6.55ಕ್ಕೆ ಬಲದೇವಾನಂದ ಸಾಗರರ ಸಂಸ್ಕೃತ ವಾರ್ತೆ, ಬೆನ್ನಿಗೇ ಕನ್ನಡ ವಾರ್ತೆ. ನಮ್ಮ ಮನೆಗಳಲ್ಲಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದುದು ಈ ವಾರ್ತೆಗಳನ್ನು ನೋಡಿಯೇ. ನಗೆಗೆ ಜಾಗವೇ ಇರಲಿಲ್ಲವೆಂದಲ್ಲ. ಬೆಂಗಳೂರು ಕೇಂದ್ರದಲ್ಲಿ ಎ.ಎಸ್. ಮೂರ್ತಿಯವರು ಈರಣ್ಣನ ಪಾತ್ರದಿಂದ ಎಷ್ಟು ಮನೆಮಾತಾದರೆಂದರೆ ಜನ ಅವರನ್ನು ‘ಆಕಾಶವಾಣಿ ಈರಣ್ಣ’ ಎಂದೇ ಕರೆದರು. ಆದರೆ ಈರಣ್ಣ ಬರೆದಿಟ್ಟ ಮಾತಿನ ನಾಟಕದಲ್ಲಿ ಬದುಕಿದವನು. ಕೇಳುಗ ಎದುರು ಮಾತಾಡುವ ವ್ಯವಸ್ಥೆ ಆಗ ಇರಲಿಲ್ಲ.

ಕೇಳುಗನಿಗೆ ಇದ್ದದ್ದು ಅಂಚೆ ಕಾರ್ಡು. ಇದರ ಕಥೆಯೂ ಸ್ವಾರಸ್ಯದ್ದು. 1952ರಲ್ಲಿ ಕೇಂದ್ರದ ವಾರ್ತಾ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡೆಂದರೆ ಆಗದು. ಆಕಾಶವಾಣಿಯಿಂದ ಸಿನಿಮಾ ಹಾಡು ಸರಿಯಿತು, ಕೇಳುಗರು ರೇಡಿಯೋ ಸಿಲೋನಿನತ್ತ ಸರಿದರು. ಅದೇ ವರ್ಷ ಅಲ್ಲಿ ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ಶುರುವಾಗಿ ಪತ್ರಗಳ ಹೊಳೆ ಹರಿಯಿತು. ಐದು ವರ್ಷದ ಬಳಿಕ, 1957ರ ಅಕ್ಟೋಬರ್ 3ರಂದು, ಸರ್ಕಾರ ಸೋಲೊಪ್ಪಿ ವಿವಿಧ ಭಾರತಿಯನ್ನು ಆರಂಭಿಸಿತು. ಇಂದಿನ ಜಾರ್ಖಂಡದಲ್ಲಿರುವ ಝುಮ್ರಿ ತಿಲೈಯಾ ಎಂಬ ಊರು ಹಾಡು ಕೋರಿ ಬರೆದ ಕಾರ್ಡುಗಳಿಂದಲೇ ದೇಶಕ್ಕೆಲ್ಲ ಪರಿಚಿತವಾಯಿತು. ಕಾರ್ಡು ಬರೆದವರಿಗೆ ಸಿಗುತ್ತಿದ್ದುದು ಏನು? ತಮ್ಮ ಹೆಸರು, ತಮ್ಮ ಊರಿನ ಹೆಸರು ಗಾಳಿಯಲ್ಲಿ ಒಂದು ಕ್ಷಣ ಕೇಳುವ ಸುಖ. ಅದೂ ಇನ್ನೊಬ್ಬರ ದನಿಯಲ್ಲಿ.

ಕೇಳುಗನ ಸ್ವಂತ ದನಿ ಗಾಳಿಗೆ ಬಂದುದರ ಹಿಂದೆ ಒಂದು ತೀರ್ಪು, ಒಂದು ಹರಾಜು ಮತ್ತು ಒಂದು ಮೊಬೈಲ್ ದರ ಇವೆ. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಕ್ರಿಕೆಟ್ ಪ್ರಸಾರದ ಜಗಳವೊಂದನ್ನು ಬಗೆಹರಿಸುತ್ತ, ಬಾನುಲಿ ತರಂಗಗಳು ಸಾರ್ವಜನಿಕ ಆಸ್ತಿ ಎಂದಿತು. ಅವು ಸರ್ಕಾರದ ಏಕಸ್ವಾಮ್ಯವಲ್ಲ ಎಂಬುದು ಅದರ ತಾತ್ಪರ್ಯ. 1999ರಲ್ಲಿ ಸರ್ಕಾರ 40 ನಗರಗಳ 108 ತರಂಗಾಂತರಗಳನ್ನು ಖಾಸಗಿಯವರಿಗೆ ಕೊಡಲು ಮುಂದಾಯಿತು. 2001ರ ಜುಲೈ 3ರಂದು ದೇಶದ ಮೊದಲ ಖಾಸಗಿ ಎಫ್‌ಎಂ ವಾಹಿನಿ ರೇಡಿಯೋ ಸಿಟಿ ಮಾತಾಡತೊಡಗಿದ್ದು ಬೆಂಗಳೂರಿನಲ್ಲೇ. ಮೊದಮೊದಲು ವರ್ಷಕ್ಕೆ ಶೇ. 15ರಷ್ಟು ಏರುತ್ತಿದ್ದ ಪರವಾನಗಿ ಶುಲ್ಕ ಹಲವರ ಬೆನ್ನು ಮುರಿಯಿತು. 2005ರ ಎರಡನೇ ಹಂತದಲ್ಲಿ ಅದರ ಬದಲು ಆದಾಯದ ಶೇ. 4ರ ಪಾಲು ಎಂದು ಗೊತ್ತುಮಾಡಿದ ಮೇಲೆ ವಾಹಿನಿಗಳ ಸಂತೆಯೇ ನೆರೆಯಿತು. ಈ ನಡುವೆ, 2003ರಲ್ಲಿ, ಮೊಬೈಲಿಗೆ ಒಳಬರುವ ಕರೆ ಉಚಿತವಾಯಿತು. ಕಿಸೆಯಲ್ಲಿ ಫೋನಿದ್ದವರೆಲ್ಲ ಈಗ ಸ್ಟುಡಿಯೋದಿಂದ ಒಂದು ಕರೆಯಷ್ಟು ದೂರ.

ಆದರೆ ಪರವಾನಗಿಯಲ್ಲಿ ಒಂದು ಷರತ್ತಿತ್ತು: ಸುದ್ದಿ ಮತ್ತು ಪ್ರಚಲಿತ ವಿದ್ಯಮಾನ ಕೂಡದು. ಪತ್ರಿಕೆ ಬರೆಯಬಹುದು, ಟಿವಿ ದಿನವಿಡೀ ಅರಚಬಹುದು, ಖಾಸಗಿ ರೇಡಿಯೋ ಮಾತ್ರ ಸುಮ್ಮನಿರಬೇಕು. ಮೇಲಾಗಿ ಆಕಾಶವಾಣಿಯ ಸಂಹಿತೆಯೂ ಖಾಸಗಿಯವರಿಗೆ ಅನ್ವಯಿಸುತ್ತದೆ. ಅದರ ಪ್ರಕಾರ ರಾಜಕೀಯ ಪಕ್ಷವೊಂದನ್ನು ಹೆಸರಿಟ್ಟು ಟೀಕಿಸುವಂತಿಲ್ಲ. 2011ರ ಮೂರನೇ ಹಂತದ ನೀತಿ ಬೇಲಿಯನ್ನು ತುಸು ಸಡಿಲಿಸಿತು. ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಮರುಪ್ರಸಾರ ಮಾಡಬಹುದು ಎಂದಿತು. ಅದು ಕಾರ್ಯರೂಪಕ್ಕೆ ಬರುವಾಗ 2019 ಆಗಿತ್ತು. ಸಂಚಾರ, ಹವಾಮಾನ, ಆಟದ ಅಂಕ, ಪರೀಕ್ಷಾ ಫಲಿತಾಂಶ, ನೀರು–ವಿದ್ಯುತ್ತಿನ ಪ್ರಕಟಣೆ ಇವು ‘ಸುದ್ದಿಯಲ್ಲ’ ಎಂದೂ ಅದೇ ನೀತಿ ಹೇಳಿತು. ಈ ‘ಸುದ್ದಿಯಲ್ಲ’ದ ಪಟ್ಟಿಯನ್ನು ಒಮ್ಮೆ ಓದಿದರೆ ನಮ್ಮ ಬೆಳಗಿನ ಕಾರ್ಯಕ್ರಮದ ಅಸ್ಥಿಪಂಜರವೇ ಕಾಣುತ್ತದೆ. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ಗಲಭೆಯಿಂದ ಬೆಂಗಳೂರು ಹೊತ್ತಿ ಉರಿದಂಥ ದಿನದಲ್ಲೂ ನಿಯಮದ ಪ್ರಕಾರ ಆರ್‌ಜೆ ಯಾವ ರಸ್ತೆ ಮುಚ್ಚಿದೆ ಎಂದು ಹೇಳಬಹುದು, ಏಕೆ ಮುಚ್ಚಿದೆ ಎಂಬ ಚರ್ಚೆಗೆ ಇಳಿಯುವಂತಿಲ್ಲ.

ಉಳಿದದ್ದು ನಗು. ಹಾಡಿಗೂ ಹಾಡಿಗೂ ನಡುವೆ ಒಂದೆರಡು ನಿಮಿಷದ ಮಾತಿಗೆ ರೇಡಿಯೋದವರು ‘ಲಿಂಕ್’ ಎನ್ನುತ್ತಾರೆ. ಮೊದಲೇ ಮುದ್ರಿಸಿಟ್ಟ ಪುಟ್ಟ ನಗೆತುಣುಕುಗಳು ಬೇರೆ. ಕರೆಗಳು ನೇರ ಬಂದಂತೆ ಕೇಳಿಸಿದರೂ ಬಹುಪಾಲು ಮುದ್ರಿಸಿ, ಕತ್ತರಿಸಿ, ಕೆಲ ನಿಮಿಷದ ಬಳಿಕ ಹಾಕಿದವು. ಆ ಕತ್ತರಿಗೆ ಮೊದಲು ಸಿಗುವುದು ಸುದ್ದಿಯ ವಾಸನೆ ಬರುವ ಮಾತು.

ಎರಡನೇ ಹಂತದ ಆ ಮೊದಲ ವರ್ಷಗಳಲ್ಲಿ ನಾನು ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಇಯರ್‌ಫೋನ್ ಚುಚ್ಚದೆ ಹೋದರೆ ಫೋನಿನ ರೇಡಿಯೋ ಹಾಡುತ್ತಿರಲಿಲ್ಲ, ಏಕೆಂದರೆ ಆ ತಂತಿಯೇ ಅದರ ಆಂಟೆನಾ. ಒಂದು ಬೆಳಗ್ಗೆ ಹೆಂಗಸೊಬ್ಬರು ಕರೆ ಮಾಡಿ ಹಾಡು ಕೇಳುವ ಮೊದಲು, ನಮ್ಮ ಬೀದಿಗೆ ನಾಲ್ಕು ದಿನದಿಂದ ನೀರು ಬಂದಿಲ್ಲ ಕಣಪ್ಪ, ಎಂದರು. ಆರ್‌ಜೆ ತಡವರಿಸಲಿಲ್ಲ. “ಅಮ್ಮಾ, ನೀರು ಕಳಿಸೋಕೆ ನನ್ ಕೈಲಾಗಲ್ಲ, ಒಂದ್ ಮಳೆ ಹಾಡು ಕಳಿಸ್ತೀನಿ, ಬಿಂದಿಗೆ ಇಟ್ಕೊಳ್ಳಿ” ಎಂದ. ಆಕೆ ನಕ್ಕರು, ನಾನೂ ನಕ್ಕೆ. ನಕ್ಕ ಮೇಲೆ ಅನ್ನಿಸಿದ್ದು ಇದು: ನೀರು ಬಂದಿಲ್ಲವೆಂಬ ಸುದ್ದಿ ಊರಿಗೆಲ್ಲ ಮುಟ್ಟಿತು, ಏಕೆ ಬಂದಿಲ್ಲ ಎಂಬ ಪ್ರಶ್ನೆ ಮಾತ್ರ ಹಾಡಿನಲ್ಲಿ ಕರಗಿಹೋಯಿತು. ಬೆಳಗಿನ ರೇಡಿಯೋದ ಶಕ್ತಿ, ಮಿತಿ ಎರಡೂ ಆ ಒಂದು ಕರೆಯಲ್ಲಿವೆ. ಸುದ್ದಿಯ ಬಾಗಿಲು ಮುಚ್ಚಿದ್ದರಿಂದ ಜನರ ದನಿ ನಗೆಯ ಕಿಟಕಿಯಿಂದ ಒಳಬಂತು.

ಆ ಕಿಟಕಿಯಿಂದ ಇನ್ನೊಂದೂ ಬಂತು, ಬೀದಿಯ ಕನ್ನಡ. ಆಕಾಶವಾಣಿಯ ಉದ್ಘೋಷಕರು ‘ಕೇಳುಗರೇ’ ಎಂದು ಕರೆದರೆ, ಎಫ್‌ಎಂ ‘ಗುರು’, ‘ಮಗಾ’ ಎಂದಿತು. ರೇಡಿಯೋ ಮಿರ್ಚಿಯ ‘ಸಖತ್ ಹಾಟ್ ಮಗಾ’ ಎಂಬ ಘೋಷಣೆ ಕೇಳಿ ಹಿರಿಯರು ಮುಖ ಸಿಂಡರಿಸಿದ್ದು ನನಗೆ ನೆನಪಿದೆ. ಕನ್ನಡ–ಇಂಗ್ಲಿಷಿನ ಆ ಕಲಬೆರಕೆಯನ್ನು ನಾನೂ ಪೂರ್ತಿ ಒಪ್ಪಲಾರೆ. ಆದರೂ ಒಂದು ಮಾತು: ಪುಸ್ತಕದ ಕನ್ನಡಕ್ಕೆ ಹೆದರಿ ಅಂಚೆ ಕಾರ್ಡು ಬರೆಯದವರು ಈ ಕನ್ನಡಕ್ಕೆ ಹೆದರದೆ ಫೋನ್ ಮಾಡಿದರು. ಹಾಡಿನ ವಿಷಯದಲ್ಲೂ ಅಷ್ಟೇ. ಶುರುವಿನಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಕನ್ನಡಕ್ಕೆ ಸಿಕ್ಕಿದ್ದು ನಿಂತುಕೊಳ್ಳುವಷ್ಟು ಜಾಗ. 2006ರ ಡಿಸೆಂಬರ್ ಕೊನೆಗೆ ‘ಮುಂಗಾರು ಮಳೆ’ ಬಂದಾಗ, ಮನೋಮೂರ್ತಿ ಸಂಗೀತದ ಆ ಹಾಡುಗಳನ್ನು ಬಿಟ್ಟು ಯಾವ ವಾಹಿನಿಗೂ ಬೆಳಗಾಗದಂತಾಯಿತು. ರಾಜಕೀಯದ ಸುದ್ದಿ ಕೂಡದೆಂದಿದ್ದ ಕಡೆ ಹೊಸ ಹಾಡು ಬಂತೆಂಬುದೇ ದಿನದ ದೊಡ್ಡ ಸುದ್ದಿಯಾಯಿತು.

ಹೆಸರು ಹೇಳುವಂತಿಲ್ಲ ಎಂಬ ಕಟ್ಟು ಒಂದು ಒಳ್ಳೆಯ ಪಾತ್ರವನ್ನೂ ಕೊಟ್ಟಿತು ಎಂಬುದು ನನ್ನ ಎಣಿಕೆ. ಫೀವರ್ 104ರಲ್ಲಿ ದಾನಿಷ್ ಸೇಠ್ ಮಾಡುತ್ತಿದ್ದ ತಮಾಷೆ ಕರೆಗಳಿಂದ ಬೆಳೆದವನು ನೊಗರಾಜ್ ಎಂಬ ಪುಢಾರಿ. ಆತನಿಗೆ ಯಾವ ನಿಜವಾದ ಪಕ್ಷವೂ ಬೇಕಿಲ್ಲ. ಆತ ಬಾಯಿ ತೆರೆದರೆ ಎಲ್ಲ ಪಕ್ಷದವರೂ ಕಾಣುತ್ತಾರೆ. 2018ರಲ್ಲಿ ಆತ ‘ಹಂಬಲ್ ಪೊಲಿಟೀಶಿಯನ್ ನೊಗರಾಜ್’ ಆಗಿ ತೆರೆಗೂ ಬಂದ. ಟೀಕೆ ಮಾಡಬಾರದ ಕಡೆ ಟೀಕೆ ವೇಷ ಹಾಕಿಕೊಂಡು ಬರುವುದು ಯಕ್ಷಗಾನದ ಹಾಸ್ಯಗಾರನನ್ನು ಕಂಡ ನಮಗೆ ಹೊಸದೇನಲ್ಲ.

ಆದರೆ ತಮಾಷೆ ಕರೆಯ ಇನ್ನೊಂದು ಮುಖವನ್ನು ಹೇಳದೆ ಈ ಇತಿಹಾಸ ಮುಗಿಯುವುದಿಲ್ಲ. ಇಲ್ಲಿ ಫೋನ್ ಮಾಡುವುದು ಕೇಳುಗನಲ್ಲ, ಸ್ಟುಡಿಯೋ. ಫೋನ್ ಎತ್ತಿದವರಿಗೆ ತಾವು ಗಾಳಿಯಲ್ಲಿದ್ದೇವೆಂಬುದೇ ಗೊತ್ತಿರುವುದಿಲ್ಲ. 2012ರ ಡಿಸೆಂಬರಿನಲ್ಲಿ ಸಿಡ್ನಿಯ 2ಡೇ ಎಫ್‌ಎಂನ ಇಬ್ಬರು ನಿರೂಪಕರು ಇಂಗ್ಲೆಂಡಿನ ರಾಣಿ ಮತ್ತು ರಾಜಕುಮಾರನ ದನಿ ಅನುಕರಿಸಿ, ರಾಜಮನೆತನದ ಸೊಸೆ ದಾಖಲಾಗಿದ್ದ ಲಂಡನ್ನಿನ ಆಸ್ಪತ್ರೆಗೆ ಕರೆ ಮಾಡಿದರು. ಅಲ್ಲಿ ಆಗ ಬೆಳಗಿನ ಜಾವ. ಕರೆಯನ್ನು ನಂಬಿ ವಾರ್ಡಿಗೆ ದಾಟಿಸಿದ ನರ್ಸ್ ನಮ್ಮ ಕರಾವಳಿ ಮೂಲದವರು. ಕರೆ ಪ್ರಸಾರವಾಗಿ, ಜಗತ್ತೆಲ್ಲ ನಕ್ಕು, ಮೂರನೇ ದಿನಕ್ಕೆ ಆಕೆ ತೀರಿಕೊಂಡರು. ಅಂತ್ಯಸಂಸ್ಕಾರ ನಡೆದದ್ದು ಉಡುಪಿ ಜಿಲ್ಲೆಯ ಶಿರ್ವದಲ್ಲಿ. ಒಂದು ಸಾವಿಗೆ ಒಂದೇ ಕಾರಣ ಹಚ್ಚುವುದು ತಪ್ಪು. ಆದರೆ ಆ ಕರೆಯನ್ನು ಒಪ್ಪಿಗೆಯಿಲ್ಲದೆ ಪ್ರಸಾರ ಮಾಡಿದ್ದು ತಪ್ಪೆಂಬುದರಲ್ಲಿ ಎರಡು ಮಾತಿಲ್ಲ. ಇಂಥದ್ದರಲ್ಲಿ ವಾಹಿನಿ ಕಾನೂನು ಮುರಿದಿದೆಯೇ ಎಂದು ತೀರ್ಮಾನಿಸುವ ಅಧಿಕಾರ ಪ್ರಸಾರ ನಿಯಂತ್ರಣ ಸಂಸ್ಥೆಗೆ ಇದೆಯೆಂದು ಆ ದೇಶದ ಅತ್ಯುನ್ನತ ನ್ಯಾಯಾಲಯ 2015ರಲ್ಲಿ ಹೇಳಿತು.

ಹಾಗಾಗಿ ಬೆಳಗಿನ ತಮಾಷೆಯನ್ನು ತೂಗಲು ನಾನು ಒಂದೇ ತಕ್ಕಡಿ ಹಿಡಿಯುತ್ತೇನೆ: ಫೋನಿನ ಆಚೆ ಇರುವವರು ನಗೆಯಲ್ಲಿ ಪಾಲುದಾರರೋ, ನಗೆಯ ಸರಕೋ? ಬಿಂದಿಗೆ ಇಟ್ಟುಕೊಳ್ಳಿ ಎಂಬ ಮಾತಿಗೆ ನಕ್ಕ ಹೆಂಗಸು ಪಾಲುದಾರಳು. ಅವಳ ಕಷ್ಟ ಅವಳ ದನಿಯಲ್ಲೇ ಊರಿಗೆ ಕೇಳಿತು. ಏನೂ ಅರಿಯದೆ ಫೋನ್ ಎತ್ತಿದ ದುಡಿಯುವ ಜೀವ ಸರಕು. ನಮ್ಮ ನೀತಿನಿಯಮಗಳು ಮೊದಲನೆಯವಳ ಪ್ರಶ್ನೆಗೆ ಹೆದರಿದಷ್ಟು ಎರಡನೆಯವರ ಗೌರವಕ್ಕೆ ಕಾವಲು ನಿಂತಿಲ್ಲ. ಖಾಸಗಿ ರೇಡಿಯೋಗೆ ಸ್ವಂತ ಸುದ್ದಿ ಏಕೆ ಕೂಡದು ಎಂದು ಕೇಳಿ ‘ಕಾಮನ್ ಕಾಸ್’ ಸಂಸ್ಥೆ 2013ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ನಗೆಯಲ್ಲಿ ಸರಕಾದವರ ಪರವಾಗಿ ಕೇಳುವ ಕೆಲಸ ಮಾತ್ರ ಇನ್ನೂ ನಮ್ಮ ಕಿವಿಗೇ ಬಿಟ್ಟದ್ದು. ರೇಡಿಯೋ ಆರಿಸುವ ಗುಂಡಿ ಈಗಲೂ ಕೇಳುಗನ ಕೈಯಲ್ಲೇ ಇದೆ.