ಎರಡು ನ್ಯಾನೊಸೆಕೆಂಡ್ ಯಾರ ಪಾಲು? ಎಎಂ335ಎಕ್ಸ್ ಚಿಪ್‌ನ ಈಥರ್ನೆಟ್ ಮತ್ತು ಡಿವೈಸ್ ಟ್ರೀ

ಪಿಸಿಯೊಳಗಿನ ನೆಟ್‌ವರ್ಕ್ ಕಾರ್ಡ್ ಪಿಸಿಐ ಬಸ್ಸಿನ ಮೇಲೆ ತನ್ನ ಗುರುತನ್ನು ತಾನೇ ಹೇಳಿಕೊಳ್ಳುತ್ತದೆ. ಎಂಬೆಡೆಡ್ ಚಿಪ್‌ನ ಒಳಗೇ ಕೂತ ಈಥರ್ನೆಟ್ ಕಂಟ್ರೋಲರ್‌ಗೆ ಆ ಅನುಕೂಲವಿಲ್ಲ. ಅದು ಎಲ್ಲಿದೆ, ಯಾವುದಕ್ಕೆ ಜೋಡಿಸಿದೆ ಎಂಬುದನ್ನು ಕರ್ನೆಲ್‌ಗೆ ಬೇರೆಯವರೇ ತಿಳಿಸಬೇಕು. ಆರ್ಮ್ ಲಿನಕ್ಸ್‌ನಲ್ಲಿ ಈ ವಿವರವೆಲ್ಲ ಒಂದೊಂದು ಬೋರ್ಡಿಗೂ ಒಂದೊಂದು ಸಿ ಕಡತವಾಗಿ ಬೆಳೆದಿತ್ತು. 2011ರ ಮಾರ್ಚ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಈ ಗೊಂದಲದ ಬಗ್ಗೆ ಸಿಡುಕಿದ ಮೇಲೆ, 1994ರ ಓಪನ್ ಫರ್ಮ್‌ವೇರ್ ಮಾನಕದಿಂದ ಬಂದ ಡಿವೈಸ್ ಟ್ರೀ, ಅಂದರೆ ಯಂತ್ರಾಂಶದ ವಿವರವನ್ನು ಕರ್ನೆಲ್ ಕೋಡಿನಿಂದ ಹೊರಗೆ ಬರೆದಿಡುವ ಕಡತ, ಅಲ್ಲಿ ನೆಲೆಯೂರಿತು.

1985ರಿಂದ ಬೆಂಗಳೂರಿನಲ್ಲೂ ಕೇಂದ್ರ ಹೊಂದಿರುವ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಎಂ335ಎಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಸಿಪಿಎಸ್‌ಡಬ್ಲ್ಯೂ ಎಂಬ ಅದರ ಈಥರ್ನೆಟ್ ಸ್ವಿಚ್‌ನ ರಿಜಿಸ್ಟರ್‌ಗಳು 4ಎ100000 ಎಂಬ ಷೋಡಶಮಾನ ವಿಳಾಸದಿಂದ ಶುರುವಾಗುತ್ತವೆ. ಇಂಥ ಸಂಗತಿಗಳು ಚಿಪ್‌ಗೆ ಸೇರಿದವು, ಒಮ್ಮೆ ಬರೆದರೆ ಮುಗಿಯಿತು. ತಪ್ಪಾದರೆ ಡ್ರೈವರ್ ಏಳುವುದೇ ಇಲ್ಲ, ಹಾಗಾಗಿ ತಪ್ಪು ಅಡಗಿ ಕೂರುವುದೂ ಇಲ್ಲ.

ತೊಡಕಿರುವುದು ಬೋರ್ಡಿನ ಡಿವೈಸ್ ಟ್ರೀ ಕಡತದ ಒಂದೇ ಸಾಲಿನಲ್ಲಿ: ಫೈ-ಮೋಡ್. ಕಂಟ್ರೋಲರ್‌ನೊಳಗಿನ ಮ್ಯಾಕ್ ಮತ್ತು ಕೇಬಲ್ ಕಡೆಯ ಚಿಪ್ ಆದ ಫೈ ನಡುವಿನ ತಂತಿಗಳ ಒಪ್ಪಂದ ಅದು. ಗಿಗಾಬಿಟ್ ವೇಗದ ಆರ್‌ಜಿಎಂಐಐ ಜೋಡಣೆಯಲ್ಲಿ 125 ಮೆಗಾಹರ್ಟ್ಸ್ ಕ್ಲಾಕ್‌ನ ಎರಡೂ ಅಂಚುಗಳಲ್ಲಿ ನಾಲ್ಕು ನಾಲ್ಕು ಬಿಟ್ ಸಾಗುತ್ತವೆ. ಪ್ರತಿ ಅಂಚಿಗೆ ಸಿಗುವುದು 4 ನ್ಯಾನೊಸೆಕೆಂಡ್. ದತ್ತ ನೆಲೆಗೊಂಡ ಮೇಲೆ ಕ್ಲಾಕ್ ಬರಬೇಕಾದ್ದರಿಂದ ಕ್ಲಾಕನ್ನು ಸುಮಾರು 2 ನ್ಯಾನೊಸೆಕೆಂಡ್ ತಡಮಾಡಬೇಕು. ಬೋರ್ಡಿನ ತಾಮ್ರದ ಗೆರೆಗಳನ್ನೇ ಉದ್ದ ಮಾಡಿದ್ದರೆ ಮೋಡ್ ಬರಿಯ ಆರ್‌ಜಿಎಂಐಐ. ಹಾಗೆ ಮಾಡಿಲ್ಲದಿದ್ದರೆ ಆರ್‌ಜಿಎಂಐಐ-ಐಡಿ. ಆಗ ತಡಮಾಡುವ ಕೆಲಸ ಸಾಮಾನ್ಯವಾಗಿ ಫೈಗೆ ಬೀಳುತ್ತದೆ.

ಇಲ್ಲಿ ತಪ್ಪು ಬರೆದರೂ ಕೆಲಸ ನಡೆದುಬಿಡಬಹುದು, ಅದೇ ಅಪಾಯ. ಎಎಂ335ಎಕ್ಸ್‌ನ ಮೌಲ್ಯಮಾಪನ ಬೋರ್ಡಿನ ಕಡತ, ಕಳಿಸುವ ಕ್ಲಾಕಿಗೆ ಮಾತ್ರ ವಿಳಂಬ ಕೇಳುತ್ತಿತ್ತು. ಸ್ವೀಕರಿಸುವ ಕಡೆಯ ವಿಳಂಬ ಫೈಯಲ್ಲಿ ಮೊದಲೇ ಚಾಲೂ ಇದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ. ಫೈ ಡ್ರೈವರ್ ಕಡತದ ಮಾತನ್ನು ಅಕ್ಷರಶಃ ಪಾಲಿಸತೊಡಗಿದಾಗ ಹುಳುಕು ಹೊರಬಿತ್ತು. 2019ರಲ್ಲಿ ಕಡತ ತಿದ್ದಬೇಕಾಯಿತು. ಡ್ರೈವರ್ ಸರಿಯಾದದ್ದರಿಂದಲೇ ಬೋರ್ಡ್ ಕೆಟ್ಟಂತೆ ಕಂಡದ್ದು! ಫೈ-ಮೋಡ್ ಹೇಳುವುದು ಬೋರ್ಡಿನ ರಚನೆಯನ್ನೇ ಎಂದು ಕರ್ನೆಲ್ ದಾಖಲೆ ಬಿಡಿಸಿ ಬರೆದದ್ದು 2025ರಲ್ಲಿ. ತಡವಾಯಿತು ಎನ್ನದೆ ವಿಧಿಯಿಲ್ಲ.

ಈ ತಪ್ಪಿನ ಲಕ್ಷಣವೂ ದಾರಿ ತಪ್ಪಿಸುವಂಥದ್ದು. ಲಿಂಕ್ ದೀಪ ಫೈ ಮತ್ತು ಕೇಬಲ್‌ನ ಸಂಗತಿ, ಫೈಯ ಸ್ಥಿತಿ ಓದುವ ಎಂಡಿಐಒ ತಂತಿಯೂ ಬೇರೆ. ಲಿಂಕ್ ಬಂದಿರುತ್ತದೆ, ಪಿಂಗ್ ಮಾತ್ರ ಬರುವುದಿಲ್ಲ. ವೇಗವನ್ನು 100 ಮೆಗಾಬಿಟ್‌ಗೆ ಇಳಿಸಿದರೆ ಕ್ಲಾಕ್ 25 ಮೆಗಾಹರ್ಟ್ಸ್ ಆಗಿ, ಸಮಯ ಸಡಿಲವಾಗಿ, ಅದೇ ಬೋರ್ಡ್ ಸರಿಹೋದಂತೆ ಕಾಣಬಹುದು. ಹಾಸನ, ಚನ್ನರಾಯಪಟ್ಟಣದ ಕಾಲೇಜುಗಳಲ್ಲಿ ಪಾಠಕ್ಕೆ ಬೀಗಲ್‌ಬೋನ್ ಬ್ಲ್ಯಾಕ್ ಇಟ್ಟುಕೊಳ್ಳುವವರು ಇದನ್ನು ಗಮನಿಸಬೇಕು: ಚಿಪ್ ಅದೇ ಕುಟುಂಬದ್ದಾದರೂ ಅದರ ಜೋಡಣೆ 100 ಮೆಗಾಬಿಟ್‌ನ ಎಂಐಐ, ವಿಳಂಬದ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ವಿದ್ಯಾರ್ಥಿಗೆ ಅದು ಮೊದಲ ಬಾರಿ ಎದುರಾಗುವುದು ಉದ್ಯೋಗದಲ್ಲಿ, ಬೇರೊಬ್ಬರು ಬರೆದಿಟ್ಟ ಕಡತದ ಎದುರು.